ಅರವತ್ತನಾಲ್ಕು

ರಾತ್ರಿ ಹೊಸ ವಿಂಡೋಸ್ ಹಾಕಿದ್ದೆ;
ಬೆಳಿಗ್ಗೆ ನೆಟ್ಟೇ ಇಲ್ಲ.
ಮಳವಳ್ಳಿ ತಾಲ್ಲೂಕು ಕಚೇರಿ ಎದುರಿನ ನನ್ನ ಅಂಗಡಿಯಲ್ಲಿ
ಪಹಣಿಗೆಂದು ಬಂದು ಕೂತಿದ್ದಾರೆ ಕಿರುಗಾವಲಿನ ಸಾಕಮ್ಮ,
ಸೆರಗಿನ ಗಂಟಲ್ಲಿ ಸರ್ವೆ ನಂಬರಿನ ಚೀಟಿ.

ಕೇಬಲ್ಲು ಕಿತ್ತು ಚುಚ್ಚಿದೆ, ರೂಟರಿನ ತಲೆ ತಟ್ಟಿದೆ,
ಡಬ್ಬ ಬಿಚ್ಚಿ ಕಾರ್ಡಿನ ಧೂಳು ಊದಿದೆ.
ಕೂತಲ್ಲೇ ಕೂತಿದೆ ಕಾರ್ಡು,
ಪಟ್ಟಿಯಲ್ಲಿ ಮಾತ್ರ ಹೆಸರಿಲ್ಲ:
'ಗುರುತು ಸಿಗದ ಸಾಧನ', ಪಕ್ಕದಲ್ಲಿ
ಅರಿಶಿನದ ಮುಕ್ಕೋಣ.
"ನನ್ನಂಗೇ ಅನ್ನು," ಸಾಕಮ್ಮ ಅಂದರು,
"ಗೇಯ್ತಿರೋಳು ನಾನು, ಕಾಗ್ದದಲ್ಲಿಲ್ಲ."

ಡ್ರೈವರ್ ಇಳಿಸಲು ನೆಟ್ ಬೇಕು, ನೆಟ್ ಬರಲು ಡ್ರೈವರ್ ಬೇಕು.
ಮೊಬೈಲಿನ ಡೇಟಾವೆಲ್ಲ ನಿನ್ನೆಯೇ ವಿಂಡೋಸಿಗೆ ಸಂದಾಯ.
ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ—
ಅಷ್ಟಕ್ಕೇ ನಿಲ್ಲಿಸಿ ರಸ್ತೆಯಾಚೆ ನೋಡಿದೆ.

ಶಿವಮಾದು ಅಂಗಡಿ.
ಜೆರಾಕ್ಸಿಗೆ ಐವತ್ತು ಪೈಸೆ ಇಳಿಸಿದನೆಂದು ಜಗಳವಾಡಿ
ಮಾತು ಬಿಟ್ಟು ಎರಡು ವರ್ಷ.
ಪೆನ್‌ಡ್ರೈವಿನ ಜೊತೆ ಕಾರ್ಡಿನ ಹೆಸರು ಬರೆದ ಚೀಟಿ
ಅವನ ಮೇಜಿನ ಮೇಲಿಟ್ಟೆ.
ತುಟಿ ಬಿಚ್ಚದೆ ತುಂಬಿಸಿ ಕೊಟ್ಟ.

ತಂದು ಹಾಕಿದರೆ ಒಲ್ಲೆ ಅಂತು.
ಮತ್ತೆ ರಸ್ತೆ ದಾಟಿದೆ, ಕೈಯಲ್ಲಿ ಚೀಟಿ ಇರಲಿಲ್ಲ.
"ಮೂವತ್ತೆರಡಲ್ಲ, ಅರವತ್ತನಾಲ್ಕು," ಎಂದೆ.
"ಮೊದ್ಲೇ ಬಾಯ್ಬುಟ್ಟು ಹೇಳೋಕೇನಾಗಿತ್ತು?" ಎಂದ,
ಪರದೆಯಿಂದ ಕಣ್ಣೆತ್ತದೆ.
"ಒಂದು ಕಾಪಿ ಎತ್ತಿಟ್ಕೊ, ಮುಂದಿನ ಸಲಕ್ಕೆ."
ಇನ್ನೂ ಎತ್ತಿಟ್ಟಿಲ್ಲ.

ಕೇಬಲ್ಲಿನ ಬುಡದಲ್ಲಿ ಹಸಿರು ಮಿಟುಕಿತು.
ಪಹಣಿ ತೆರೆಯಿತು. ಒಂಬತ್ತನೇ ಕಾಲಮ್ಮಿನಲ್ಲಿ ಇನ್ನೂ
ಸಾಕಮ್ಮನ ಮಾವ; ತೀರಿಕೊಂಡು ಹತ್ತೊಂಬತ್ತು ವರ್ಷ.
ಬಿಸಿ ಹಾಳೆ ಮಗುಚಿ ಹಿಂಬದಿಯನ್ನೂ ನೋಡಿದರು,
ಅಲ್ಲೇನಾದರೂ ಇರಬಹುದೆಂದು.