ತಿಂಗಳು ಒಂದು

ಗ್ಲಾಡಿಸಕ್ಕ,
ಮೊದಲ ಕಂದು ಲಕೋಟೆ ಬಂದದ್ದು ಮೇ ತಿಂಗಳಲ್ಲಿ,
ನಿನ್ನ ಹೆಸರಿಗೆ, ನನ್ನ ಬಾಗಿಲಿಗೆ.
ಅಮ್ಮನ್ನದ ಒಂದು ಮಕಾರ ನುಂಗಿದ್ದರು, ಎಂದಿನಂತೆ.
ಹೊರಗೆ ಗ್ರಿಮ್ಸ್‌ಬಿಯ ಗಾಳಿ.
ನೀನು ಬೈಯುತ್ತಿದ್ದೆಯಲ್ಲ, ಅವೇ ಬಿಳಿ ಕಳ್ಳ ಹಕ್ಕಿಗಳು
ಯಾರದೋ ಚಿಪ್ಸಿನ ಪೊಟ್ಟಣವನ್ನು
ರಸ್ತೆಯುದ್ದಕ್ಕೂ ಎಳೆದಾಡುತ್ತಿದ್ದವು.

ಕನ್ನಡಕ ಹುಡುಕಿ ಓದಿದೆ.
ಹದಿನಾಲ್ಕು ಸಾವಿರದ ಆರುನೂರು ಪೌಂಡು.
ಹನ್ನೊಂದು ವರ್ಷ ಹ್ಯಾಡಕ್ ಮೀನಿನ ಮುಳ್ಳು ಬಿಡಿಸಿದ್ದಕ್ಕೆ,
ಗವಸಿನೊಳಗೆ ಬೆರಳು ಮರಗಟ್ಟಿದ್ದಕ್ಕೆ,
ಪ್ರತಿ ಸಂಬಳದಲ್ಲೂ ಚೂರು ಚೂರೇ ಮುರಿದಿಟ್ಟ ಪಿಂಚಣಿ.
ಅದರಲ್ಲಿ ತೆರಿಗೆಯೆಂದು ಹಿಡಿದುಕೊಂಡದ್ದು
ಮೂರು ಸಾವಿರದ ಮುನ್ನೂರ ಮೂವತ್ತೆರಡು.

ಯಾಕೆ ಗೊತ್ತಾ?
ಯಂತ್ರ ತಿಳಿದುಕೊಂಡದ್ದು ಹೀಗೆ:
ಇದು ತಿಂಗಳು ಒಂದು.
ಈ ಹೆಂಗಸಿಗೆ ಮುಂದಿನ ತಿಂಗಳೂ ಇಷ್ಟೇ ಬರುತ್ತದೆ,
ಅದರ ಮುಂದಿನ ತಿಂಗಳೂ,
ಹನ್ನೆರಡು ಸಲ, ಹುಣ್ಣಿಮೆ ಬಂದ ಹಾಗೆ.
ಅಡುಗೆಮನೆಯಲ್ಲಿ ಒಬ್ಬಳೇ ನಕ್ಕೆ, ಅಕ್ಕ.
ಯಂತ್ರದ ಕಣ್ಣಿಗೆ ಆ ಒಂದು ದಿನ
ನೀನು ಹಡಗಿನ ಒಡತಿ!
ಇದು ಒಂದೇ ಸಲ, ಇದೇ ಕೊನೆ,
ಅವಳು ಇನ್ನು ಬರುವುದಿಲ್ಲ
ಎಂದು ಅದಕ್ಕೆ ಹೇಳುವವರು ಯಾರು?

ಫೋನು ಮಾಡಿದೆ.
ನಲವತ್ತೆಂಟು ನಿಮಿಷ ಪಿಟೀಲು ಕೇಳಿಸಿದರು.
ಆಮೇಲೆ ಒಬ್ಬ ಹುಡುಗ, ದನಿಗಿನ್ನೂ ಮೀಸೆ ಬಾರದವನು,
"ನೀವು ಅವರಿಗೆ ಏನಾಗಬೇಕು?" ಎಂದ.
ಏನೆನ್ನಲಿ?
ನಾದಿನಿಯಲ್ಲ, ಓರಗಿತ್ತಿಯಲ್ಲ.
ನೀನು ಚರ್ಚಿಗೆ, ನಾನು ನಮಾಜಿಗೆ.
ಒಂದೇ ಬೆಲ್ಟಿನ ಆಚೆ ಈಚೆ ನಿಂತು
ಸೂಪರ್‌ವೈಸರನನ್ನು ಅವನೆದುರೇ, ನಗುನಗುತ್ತ,
ಕನ್ನಡದಲ್ಲಿ ಬೈದವರು.
ನನ್ನ ಯೂಸುಫ್ ಹೋದ ರಾತ್ರಿ
ಚಹಾ ಕಾಸಿಟ್ಟು, ಮಾತಿಲ್ಲದೆ, ಬೆಳಗಿನವರೆಗೆ ಕೂತವಳು ನೀನು.
ಅದಕ್ಕೆ ಅವನ ಪಟ್ಟಿಯಲ್ಲಿ ಹೆಸರಿಲ್ಲ.
"ಬಾಡಿಗೆಗೆ ಇದ್ದವರು" ಎಂದೆ.
ಹಾಗಾದರೆ ನಿಮ್ಮ ಹತ್ತಿರ ಮಾತಾಡುವಂತಿಲ್ಲ,
ನಮೂನೆ ತುಂಬಿ ಕಳಿಸಿ, ಎಂದ.

ನೀನು ಮೂಲ್ಕಿಯಿಂದ ಹೇಳುತ್ತ ಹೋದೆ, ನಾನು ಬರೆದೆ.
ನಡುನಡುವೆ ನಿಮ್ಮ ಕಾಗೆಗಳೂ ಏನೋ ಹೇಳಿದವು.
ಹುಟ್ಟಿದ ದಿನ. ವಿಮೆಯ ಸಂಖ್ಯೆ.
ದೇಶ ಬಿಟ್ಟ ದಿನ: ಮಾರ್ಚ್ ಒಂಬತ್ತು.
ಅವತ್ತು ಆಲಿಕಲ್ಲು ಬಿದ್ದಿತ್ತು,
ಟ್ಯಾಕ್ಸಿಯ ಗಾಜು ಮುಸುಕಾಗಿತ್ತು,
ನೀನು ತಿರುಗಿ ನೋಡಿದೆಯೋ ಇಲ್ಲವೋ
ಅದನ್ನು ಬರೆಯಲು ಜಾಗವಿರಲಿಲ್ಲ.
ಬ್ಯಾಂಕ್ ಖಾತೆ: ಮುಚ್ಚಿದೆ.
ಪೌಂಡಿನ ಚೆಕ್ಕು ಕಳಿಸಿದರೆ ನಿಮ್ಮೂರ ಮ್ಯಾನೇಜರು
ಹಳಸಿದ ಬಂಗುಡೆಯ ಹಾಗೆ ಮಗುಚಿ ನೋಡಿ
ವಾಪಸು ಕೊಡುತ್ತಾನೆ ಎಂದೆ.
ಹಾಗಾಗಿ ಹಣ ಪಡೆಯುವವರು: ಮೈಮೂನಾ.
ನನ್ನ ಹೆಸರನ್ನು ನಾನೇ ಬರೆದುಕೊಂಡೆ.

ಮುಂದಿನ ಪುಟದಲ್ಲಿ ಪೆನ್ನು ನಿಂತಿತು.
"ಈ ದೇಶದಲ್ಲಿ ನಿಮಗೆ ಉಳಿಯಲು ಈಗಲೂ ಜಾಗ ಇದೆಯೇ?"
ಇಲ್ಲ ಅಂತ ಬರಿ ಮಾರಾಯ್ತಿ, ಎಂದೆ ನೀನು, ಕೂಡಲೇ.
ಅಷ್ಟು ಕೂಡಲೇ.

ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ನಿನ್ನ ಬಿಳಿ ಗಂಬೂಟು,
ನೀಲಿ ಕೋಟು,
ಅದರ ಜೇಬಿನಲ್ಲಿ ಕ್ಲೀಥಾರ್ಪ್ಸ್ ಬಸ್ಸಿನ ಟಿಕೇಟು.
ಹಿಂದಿನ ಕೋಣೆಯ ಹಾಸಿಗೆಗೆ
ಶುಕ್ರವಾರ ಶುಕ್ರವಾರ ಹೊದಿಕೆ ಬದಲಿಸುವುದನ್ನು
ಕೈ ಇನ್ನೂ ಬಿಟ್ಟಿಲ್ಲ.
ತೆರಿಗೆಯವರಿಗೆ ಇದು ಗೊತ್ತಾದರೆ?
ಸುಳ್ಳು ಹೇಳಿದರೆ ದಂಡವೆಂದು ಕೆಳಗೆ ಅಚ್ಚಾಗಿತ್ತು.
ಇಲ್ಲ ಎಂದು ಬರೆದೆ,
ಡಬ್ಬಿಯ ಗೆರೆ ದಾಟದ ಹಾಗೆ.
ಹಾಳೆ ನಿನ್ನ ಸಹಿಗೆ ಮೂಲ್ಕಿಗೆ ಹೋಗಿ
ಉಪ್ಪುಗಾಳಿಗೆ ಮೆತ್ತಗಾಗಿ ಬಂತು.
ಹೆದರಬೇಡ. ಸಹಿ ನಿನ್ನದು, ಸುಳ್ಳು ನನ್ನದು.

ಇವತ್ತು ಅಕ್ಟೋಬರು. ಇನ್ನೊಂದು ಲಕೋಟೆ.
ಪೂರ್ತಿ ಬಂದಿದೆ, ಅಕ್ಕ!
ಮೇಲೆ, ತಡವಾದದ್ದಕ್ಕೆ ಬಡ್ಡಿಯೆಂದು
ಹದಿನೆಂಟು ಪೌಂಡು ನಲವತ್ತೊಂದು ಪೆನ್ನಿ.
ಅಸಲು ನಾಳೆಯೇ ಕಳಿಸುತ್ತೇನೆ.
ಬಡ್ಡಿ ಮಾತ್ರ ಕಳಿಸುವುದಿಲ್ಲ.
ಅದರ ವಸೂಲಿಗೆ ನೀನೇ ಬರಬೇಕು.