ಉಡುಪುಗಳ ಲೆಕ್ಕ

ವರ್ಷಕ್ಕೊಮ್ಮೆ ನಿನ್ನ ಪೆಟ್ಟಿಗೆಗಳ ಬಾಯಿ ತೆರೆಯುತ್ತೇವೆ, ರಾಣಿ.
ಬರೆಯುವ ಹುಡುಗ ಮೆನಿಸ್ಕೊಸ್
ಮೇಣದ ಹಲಗೆ ತೊಡೆಯ ಮೇಲಿಟ್ಟುಕೊಂಡು ಕೂರುತ್ತಾನೆ,
ನಾನು ಒಂದೊಂದೇ ಬೆಳಕಿಗೆ ಎತ್ತಿ ಕೂಗುತ್ತೇನೆ:

ಲಿಡಿಯಾದ ನಿಲುವಂಗಿ, ನೀಲಿ ಅಂಚು, ಒಂದು.
ಅಂಥದೇ ಇನ್ನೊಂದು, ನುಸಿ ತಿಂದದ್ದು.
ತಲೆಗೂದಲ ಬಲೆ, ನಾಲ್ಕು.
ಕುಂಕುಮಕೇಸರಿ ಬಣ್ಣದ ಮುಸುಕು, ಮದುವೆಯದು.
"ಯಾರ ಮದುವೆ?" ಅನ್ನುತ್ತಾನೆ, ಹೊಸಬ.
ಬರಿ ಮಗಾ, ಅಂದೆ.
ಅವಳದೇ. ಪ್ರತಿ ವರ್ಷದ್ದು.

ಸಾಮೋಸಿನಲ್ಲಿ ಮೀನು ಮಾರುವವರಿಗೂ ಗೊತ್ತಿರುವ ಗುಟ್ಟು:
ಹೆತ್ತವರ ಕಣ್ಣು ತಪ್ಪಿಸಿ ಮುನ್ನೂರು ವರ್ಷ
ಈ ಇಂಬ್ರಾಸೊಸ್ ಹೊಳೆಯ ಜೌಗಿನಲ್ಲಿ
ನೀವಿಬ್ಬರೂ ಕದ್ದು ಕೂಡುತ್ತಿದ್ದಿರಂತೆ.
ಮುನ್ನೂರು ವರ್ಷ, ಹೇರಾ!
ನನಗೆ ಒಂದು ಸಂಜೆ ಸಿಕ್ಕಿತ್ತು,
ಅದರಲ್ಲೂ ಅರ್ಧ ಸೊಳ್ಳೆ.

ಆಮೇಲೆ ಅವನು ಹಂಸವಾದ, ಗೂಳಿಯಾದ,
ಯಾರದೋ ಮಾಡಿನಿಂದ ಸೋರುವ ಚಿನ್ನದ ಮಳೆಯಾದ.
ನೀನು ಹೆಂಡತಿಯಾದೆ, ಅಷ್ಟೆ.
ಗಂಡ ಹೆಂಡಿರ ಜಗಳ
ಉಂಡು ಮಲಗುವ ತನಕ ಅಂತ ನನ್ನಜ್ಜಿ ಹೇಳುತ್ತಿದ್ದಳು.
ಹಸಿವಿಲ್ಲದವರ, ನಿದ್ದೆಯಿಲ್ಲದವರ ಜಗಳ
ಎಲ್ಲಿಯ ತನಕ, ಅಜ್ಜಿ?
ಅದನ್ನು ಕೇಳುವಷ್ಟರಲ್ಲಿ ಅವಳೇ ಮಲಗಿಬಿಟ್ಟಿದ್ದಳು.

ನನ್ನ ಗಂಡ ಟಿಮ್ನೆಸ್ ಹಗ್ಗ ಹೊಸೆಯುವವನು,
ಕಾರಿಯಾದವರ ಮೂಲ.
ಕುಡಿದ ರಾತ್ರಿ ಇದೇ ಕಥೆ:
ಕಳ್ಳರು ಬಂದು ನಿನ್ನ ಮೂರ್ತಿ ಹೊತ್ತೊಯ್ದರಂತೆ,
ಎಷ್ಟು ಹುಟ್ಟು ಹಾಕಿದರೂ ಹಡಗು ಕದಲಲಿಲ್ಲವಂತೆ,
ಹೆದರಿ, ನಿನ್ನನ್ನು ಮರಳಿನ ಮೇಲಿಳಿಸಿ,
ಮುಂದೆ ಜವೆಯ ರೊಟ್ಟಿ ಇಟ್ಟು ಓಡಿದರಂತೆ.
ಬೆಳಗ್ಗೆ ಇವನ ಮುತ್ತಜ್ಜಂದಿರು ನೋಡುತ್ತಾರೆ:
ದೇವಿ ಕಡಲಂಚಿನಲ್ಲಿ, ಒಬ್ಬಳೇ.
ಓಡಿಹೋಗುತ್ತಿದ್ದಾಳೆ ಅಂದುಕೊಂಡರು.
ಲಕ್ಕಿಗಿಡದ ಉದ್ದನೆಯ ಟೊಂಗೆಗಳನ್ನು
ಎರಡೂ ಕಡೆಯಿಂದ ಎಳೆದು ಬಿಗಿದರು.
"ಪಾಪ, ತಪ್ಪು ತಿಳಿದರು" ಅನ್ನುತ್ತಾನೆ,
ಅನ್ನುತ್ತಲೇ ನಿದ್ದೆಗೆ ಜಾರಿ
ತನ್ನ ಭಾರದ ತೋಳು ನನ್ನ ಮೇಲೆ ಹಾಕುತ್ತಾನೆ.

ತಪ್ಪು ತಿಳಿದರೆ?

ಅಂದಿನಿಂದ ಇದು ಹಬ್ಬ.
ನಿನ್ನನ್ನು ಕಡಲಿಗೆ ಒಯ್ಯುತ್ತೇವೆ, ಮೀಯಿಸುತ್ತೇವೆ,
ರೊಟ್ಟಿ ಇಡುತ್ತೇವೆ, ತಂದು ಮತ್ತೆ ಕಟ್ಟುತ್ತೇವೆ.
ಕಟ್ಟಿದವರ ಮೊಮ್ಮಕ್ಕಳು ಅದೇ ಲಕ್ಕಿಯನ್ನು
ತಲೆಗೆ ಸುತ್ತಿಕೊಂಡು ಕುಣಿಯುತ್ತಾರೆ.

ಹೋದ ವರ್ಷ, ಯಾರಿಗೂ ಹೇಳಿಲ್ಲ,
ಪೂಜಾರಿಣಿ ಒದ್ದೆ ಸೆರಗು ಹಿಂಡಲು ಆಚೆ ತಿರುಗಿದಾಗ
ಎದೆಮಟ್ಟದ ನೀರಿನಲ್ಲಿ ನಿನ್ನನ್ನು ಬಿಟ್ಟೆ.
ಬಟ್ಟೆಯಿಲ್ಲದೆ ನೀನೊಂದು ಹಲಗೆ.
ಮುಖವೂ ಅಷ್ಟೇನಿಲ್ಲ.
ಎಷ್ಟು ಹಗುರ!
ಹನ್ನೊಂದು ಸೀರೆಯಷ್ಟು ಉಣ್ಣೆ ಹೊತ್ತವಳು
ಗೇರುಸಿಪ್ಪೆಯ ಹಾಗೆ ತೇಲಿದೆ.
ಏಳರ ತನಕ ಎಣಿಸಿದೆ.
ಆಚೆ ದಡದ ಮಿಕಾಲೆ ಬೆಟ್ಟದ ಕಡೆ ಒಮ್ಮೆ ತಿರುಗಿದೆ,
ನನ್ನ ಕಡೆ ಒಮ್ಮೆ.
ಎಂಟಕ್ಕೆ ಯಾರೋ ಕೂಗಿದರು, ಕೈ ಚಾಚಿದೆ.
ಹಿಡಿದದ್ದು ನಾನೋ,
ಕೈಗೆ ಬಂದದ್ದು ನೀನೋ,
ನೀರಿನಲ್ಲಿ ತಿಳಿಯಲಿಲ್ಲ.

"ಮುಂದೆ?" ಅನ್ನುತ್ತಾನೆ ಮೆನಿಸ್ಕೊಸ್, ಆಕಳಿಸುತ್ತಾ.
ಸೊಂಟಪಟ್ಟಿ, ಎರಡು. ಒಂದಕ್ಕೆ ಕೊಂಡಿಯಿಲ್ಲ.
ಲಕ್ಕಿಯ ಕಟ್ಟು, ಒಂದು.
"ಅದು ಉಡುಪಲ್ಲವಲ್ಲ?"
ಮೈಮೇಲೆ ಇದೆಯಲ್ಲ, ಬರಿ.
"ಗಂಟು ಹೇಗಿದೆ ಅಂತ ಬರೆಯಲಿ?"

ಚಾವಣಿಯ ಮೇಲೆ ನಿನ್ನ ನವಿಲು
ಬಾಗಿಲಾಚೆ ಉಳಿದ ಬೆಕ್ಕಿನ ಹಾಗೆ ಅರಚಿತು.
ಕೇಳಿಸಲಿಲ್ಲವೆಂಬಂತೆ ಬಗ್ಗಿ
ನುಸಿ ತಿಂದ ಅಂಗಿಯನ್ನು ಮೊದಲು ಮಡಿಚಿದೆ.