ನಾಲ್ಕು ಗಂಟೆಯ ಐಸು

ಬ್ರಾಯಿಸ್ ಹೋದ. ಅವನ ಅಪ್ಪ ಉಳಿದ.
ಅಮಾರೊ, ಎಂಬತ್ತೇಳು,
ಗಲೀಸಿಯಾದ ಈ ಬಂದರಿನಲ್ಲಿ
ನಲವತ್ತು ವರ್ಷ ಬಲೆ ಎಳೆದ ಕೈ,
ಈಗ ಚಮಚ ಹಿಡಿದರೆ ಸೂಪು ಅಂಗಿಗೆ.

ಮೊದಲೆಲ್ಲ ಲೆಕ್ಕ ಫ್ರಿಜ್ಜಿನ ಬಾಗಿಲ ಮೇಲಿತ್ತು:
ಮಾತ್ರೆಯ ಚೀಟಿ, ಅದರ ಮೇಲೆ ಡಾಕ್ಟರ ಚೀಟಿ,
ಅದರ ಮೇಲೆ ನನ್ನದೇ ಅಕ್ಷರ, ನನಗೇ ಓದಲಾಗದ್ದು:
‘ಬಿಳಿಯದು ಅರ್ಧ.’ ಯಾವ ಬಿಳಿಯದು?
ಬಾಗಿಲು ಜೋರಾಗಿ ಹಾಕಿದರೆ
ಒಂದು ವಾರವೇ ನೆಲಕ್ಕೆ ಉದುರುತ್ತಿತ್ತು.

ಗ್ರಂಥಾಲಯದ ಮಹಡಿಯಲ್ಲಿ ಬುಧವಾರ ಸಂಜೆ
ಪುಕ್ಕಟೆ ಕಂಪ್ಯೂಟರ್ ಪಾಠ.
ಕಲಿಸುವವಳು ಸಬೇಲಾ, ಹಸಿರು ಉಗುರು.
ಮೌಸನ್ನು ನಾನು ಇಸ್ತ್ರಿಪೆಟ್ಟಿಗೆಯ ಹಾಗೆ ಒತ್ತಿ ಹಿಡಿದರೆ
‘ಅದು ಓಡಿಹೋಗೋದಿಲ್ಲ, ದೊರಿಂದಾ’ ಅಂದಳು.
ಮನೆಗಳನ್ನು ತೋರಿಸಿದಳು: ಅಡ್ಡ ಸಾಲು, ಉದ್ದ ಸಾಲು.
ಇಷ್ಟೇನಾ, ಅಂದೆ. ಇದು ಬಲೆ.
ಹದಿನೈದರ ವಯಸ್ಸಿಂದ ಕಟ್ಟೆಯ ಮೇಲೆ ಕಾಲು ಚಾಚಿ
ಕಣ್ಣು ಕಣ್ಣು ಎಣಿಸಿ ಬಲೆ ಹೊಲಿದವಳು ನಾನು.
ಇಲ್ಲಿ ಕಣ್ಣೊಂದಕ್ಕೆ ಮಾತೊಂದು ಸಿಕ್ಕಿಬೀಳುತ್ತದೆ, ಅಷ್ಟೆ.

ಬರೆದೆ. ನೀರು: ನಾಲ್ಕು ಲೋಟ.
ಬಿಳಿಯದು: ಅರ್ಧ, ರಕ್ತದೊತ್ತಡದ್ದು.
ಕಕ್ಕಸು: ಇಲ್ಲ. ಕಕ್ಕಸು: ಇಲ್ಲ. ಕಕ್ಕಸು: ದೇವರು ದೊಡ್ಡವನು.
(ಹೌದು, ಇಲ್ಲ, ಅಷ್ಟು ಸಾಕು, ಅಂದಳು ಸಬೇಲಾ.
ದೇವರನ್ನು ಸೇರಿಸಿದರೆ ಲೆಕ್ಕಕ್ಕೆ ಸಿಗುವುದಿಲ್ಲವಂತೆ.)
ರಾತ್ರಿ ಎದ್ದರೆ ಆ ಮನೆಗೆ ಕೆಂಪು.

ಎದ್ದರೆ ಅಂದರೆ ನಾಲ್ಕಕ್ಕೆ,
ಕತ್ತಲಲ್ಲಿ ರಬ್ಬರು ಬೂಟು ತಡಕಾಡುತ್ತ,
‘ಬಿಟ್ಟು ಹೋದರು, ನನ್ನ ಬಿಟ್ಟು ಹೋದರು’ ಎಂದು
ಬಾಗಿಲ ಚಿಲಕ ಜಗ್ಗುತ್ತ.
ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರಬೇಕು.
ಡಾಕ್ಟರು ಇನ್ನೊಂದು ಮಾತ್ರೆ ಬರೆದರು.
ಅದೂ ಬಿಳಿ.

ಆರು ವಾರ ಕೆಂಪು ಹಚ್ಚಿ
ಒಂದು ಸಂಜೆ ಪರದೆಯಿಂದ ಹಿಂದೆ ಸರಿದು ಕೂತೆ,
ಹರಿದದ್ದೆಲ್ಲಿ ಎಂದು ಬಲೆಯನ್ನು ದೂರದಿಂದ ನೋಡುವ ಹಾಗೆ.
ಕೆಂಪೆಲ್ಲ ಕೊನೆಯ ಎರಡೇ ಸಾಲಲ್ಲಿ:
ಶನಿವಾರ. ಭಾನುವಾರ.
ಆಚೆ ಒಂದೇ ಒಂದು ಒಂಟಿ ಕೆಂಪು, ಗುರುವಾರ.
ಅವತ್ತು ಬಿರುಗಾಳಿ, ದೋಣಿ ಹೊರಟಿರಲಿಲ್ಲ.

ಆಗ ಕೇಳಿಸಿತು, ಇಷ್ಟು ದಿನ ಕಿವಿಗೆ ಬೀಳದ್ದು.
ದುಡಿಮೆಯ ದಿನ ನಾಲ್ಕಕ್ಕೆ ಕೆಳಗೆ ಐಸಿನ ಕಾರ್ಖಾನೆ
ಗಡಗಡ ಅರೆದು, ಕೊಳವೆಯಲ್ಲಿ ಸರ್ರನೆ
ದೋಣಿಯ ಹೊಟ್ಟೆಗೆ ಸುರಿಯುತ್ತದೆ.
ಆ ಗದ್ದಲದಲ್ಲಿ ಮುದುಕ ಕೂಸಿನ ಹಾಗೆ ಮಲಗಿರುತ್ತಾನೆ.
ಅವನನ್ನು ಎಬ್ಬಿಸುತ್ತಿದ್ದದ್ದು ರಜೆಯ ಮೌನ.

ಮಂಗಳವಾರ, ರಾತ್ರಿಯಂಗಿಯ ಮೇಲೆ ಕೋಟು,
ಕಿಟಕಿಯಾಚೆ ಕೈ ಚಾಚಿ
ಫೋನಿನಲ್ಲಿ ಹನ್ನೊಂದು ನಿಮಿಷ ಐಸು ಹಿಡಿದೆ.
ನಡುವೆ ಯಾರೋ ಹುಡುಗ ಕೆಮ್ಮಿದ, ಅದೂ ಬಂತು. ಇರಲಿ.
ಅದನ್ನೇ ಅಲಾರಂ ಮಾಡುವುದನ್ನು ಸಬೇಲಾ ತೋರಿಸಿದಳು.
‘ವಾರಕ್ಕೆರಡು ದಿನ ನಾಲ್ಕಕ್ಕೆ ಎದ್ದು ಏನು ಮಾಡ್ತೀರಿ?’
ಏಳಲಿಕ್ಕಲ್ಲ ಕಣೇ, ಅಂದೆ. ಮಲಗಲಿಕ್ಕೆ.

ಒಮ್ಮೆ ನಾಲ್ಕರ ಬದಲು ಹದಿನಾರು ಒತ್ತಿಬಿಟ್ಟಿದ್ದೆ.
ಹಾಡುಹಗಲು, ಬಸ್ಸಿನ ತಂಗುದಾಣದಲ್ಲಿ,
ಚೀಲದ ಈರುಳ್ಳಿಯ ನಡುವಿಂದ ಗಡಗಡ.
ಬೆಂಚಿನ ಮೇಲೆ ಹರಟುತ್ತಿದ್ದ ಮೂವರು ಮುದುಕರು
ಬೆನ್ನು ನೆಟ್ಟಗೆ ಮಾಡಿ, ಒಟ್ಟಿಗೆ,
ಬಂದರಿನ ಕಡೆ ತಿರುಗಿದರು.
ನಾನು ಫೋನು ಹುಡುಕಿ ನಿಲ್ಲಿಸುವವರೆಗೂ
ಯಾರೂ ನಗಲಿಲ್ಲ.

ಈಗ ಹಾಳೆ ಬಹುಪಾಲು ಬೆಳ್ಳಗಿದೆ.
ಬಟ್ಟೆ ಮಡಿಸುತ್ತ ನಿದ್ದೆಹೋಗುವುದನ್ನು ಬಿಟ್ಟಿದ್ದೇನೆ.
ಕಳೆದ ಶನಿವಾರ ಮಾತ್ರ ನಾನಾಗಿಯೇ ಎಚ್ಚರಾಗಿ
ಅವನ ಬಾಗಿಲಲ್ಲಿ ನಿಂತೆ.
ದಿಂಬಿನ ಪಕ್ಕ ಫೋನು ಐಸು ಅರೆಯುತ್ತಿತ್ತು.
ಒಳಗಿಂದ ಆ ಹುಡುಗ ಕೆಮ್ಮಿದ.
‘ಮಫ್ಲರು ಸುತ್ತಿಕೊಳ್ಳೋ, ಬ್ರಾಯಿಸ್,’
ಅಂದ ಮುದುಕ, ಕಣ್ಣು ತೆರೆಯದೆ,
ಮಗ್ಗುಲಾದ.

ಆ ರಾತ್ರಿಯ ಮನೆಗೆ ಯಾವ ಬಣ್ಣ ಎಂದು
ಇನ್ನೂ ತಿಳಿದಿಲ್ಲ.
ಖಾಲಿ ಬಿಟ್ಟಿದ್ದೇನೆ.